ಯಂಕಂಚಿಯ ಎಣ್ಣೆ ದೇವರು

ಯಂಕಂಚಿ, ಶನಿವಾರ, ೧೯೭೪

ಬಾಗೇವಾಡಿಯ ಸಾವಕಾರ ಶಂಕರೆಪ್ಪನವರಿಗೆ, ನಿಮ್ಮ ಲಾರಿಯ ಡ್ರೈವರ್ ಧೂಳಪ್ಪನ ಶರಣು.

ಎಂಜಿನ್ ಎಣ್ಣೆ ಸೋರುವುದನ್ನು ಇನ್ನೂ ಯಾಕೆ ನಿಲ್ಲಿಸಿಲ್ಲ ಎಂದು ಕೇಳಿದ್ದೀರಿ. ಈಗ ಅದು ನನ್ನ ಕೈಯಲ್ಲಿಲ್ಲ.

ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲವೆಂದು, ತೊಗರಿ ಹೇರುವಾಗೆಲ್ಲ ಇಲ್ಲಿಯ ಬೇವಿನ ಗಿಡದ ಕೆಳಗೆ ಗಾಲಿಗೆ ಒಂದು ಗುಂಡುಕಲ್ಲು ಅಡ್ಡ ಇಡುತ್ತಿದ್ದೆ. ಎಣ್ಣೆ ಅದರ ಮೇಲೇ ತೊಟ್ಟಿಕ್ಕಿ ಕಲ್ಲು ಕರ್ರಗೆ ಮಿಂಚತೊಡಗಿತ್ತು. ಹೋದ ವಾರ ಬಂದು ನೋಡಿದರೆ ಅದಕ್ಕೆ ಕುಂಕುಮ ಹಚ್ಚಿ, ಎಕ್ಕೆ ಹೂವಿನ ಮಾಲೆ ಹಾಕಿದ್ದಾರೆ! ಎತ್ತಲು ಹೋದರೆ ಶೇವಂತೆವ್ವ ಎಂಬ ಮುದುಕಿ ಕೈ ಹಿಡಿದಳು.

“ಮುಟ್ಟಬ್ಯಾಡೋ ತಮ್ಮಾ! ಯಾರೂ ಹಾಕದ ಎಣ್ಣಿ ತಾನ ಮೈಮ್ಯಾಲ ಬರತೈತಿ. ಹಣಮಪ್ಪ ಹುಟ್ಯಾನ!”

“ಅದು ನಮ್ಮ ಗಾಡಿ ಎಣ್ಣಿ ಐತಿ ಬೇ,” ಎಂದೆ.

“ಹಂಗಾದ್ರ ನಿನ್ನ ಗಾಡಿ ಪುಣ್ಯಾ ಮಾಡೈತಿ. ಶನಿವಾರಕ್ಕೊಮ್ಮೆ ತಂದು ನಿಂದ್ರಸು.”

ಸಿಂದಗಿಯಿಂದ ಕರೆತಂದ ರಿಪೇರಿ ಮಿಸ್ತ್ರಿಯನ್ನು ಊರವರು ಗಾಡಿಯ ಕೆಳಗೇ ಹೋಗಗೊಡಲಿಲ್ಲ. ಬೇರೆ ಕಲ್ಲು ಇಡಲು ನನಗೆ ಹೆದರಿಕೆ, ಅದೂ ದೇವರಾದರೆ? ಈಗ ಹೇರುವುದು ಮುಗಿಯುವ ತನಕ ನಾನೇ ಬ್ರೇಕ್ ತುಳಿದು ಕೂತಿರುತ್ತೇನೆ. ದಯವಿಟ್ಟು ಗಾಲಿಗೆ ಅಡ್ಡ ಇಡಲು ಒಂದು ಕಟ್ಟಿಗೆಯ ತುಂಡು ಕಳಿಸಿರಿ.

ಇನ್ನೊಂದು ಮಾತು. ಸುದ್ದಿ ಕೇಳಿ ನಿಮ್ಮ ಅವ್ವನವರು ಇವತ್ತು ಮುಂಜಾನೆ ಬಸ್ಸಿಗೆ ಬಂದಿದ್ದರು. ಕಾಯಿ ಒಡೆಸಿ, “ನಮ್ಮ ಲಾರಿ ಎಣ್ಣಿ ಸೋರೂದು ನಿಂದ್ರಸಪ್ಪಾ,” ಎಂದು ಇದೇ ಕಲ್ಲಿಗೆ ಬೇಡಿಕೊಂಡು ಹೋದರು. ಸೋರುವುದು ನಿಂತರೆ ಈ ದೇವರೂ ಇರುವುದಿಲ್ಲವೆಂದು ಅವರಿಗೆ ನೀವೇ ಹೇಳಿರಿ.

ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರೆದ,
ಧೂಳಪ್ಪ