ಬೇವಿನ ಗಿಡದ ತನಕ

೬-೧-೧೯೭೫, ಸೋಮವಾರ

ನಾಲ್ಕನೇ ಇಯತ್ತೆ. ಪಟದಲ್ಲಿ ಮೂವತ್ತೆಂಟು ಹೆಸರು, ಹಾಜರಿ ಮೂವತ್ತೊಂದು. ಉಗುರು ನೋಡಿದ್ದಾಯಿತು. ಹದಿಮೂರರ ಮಗ್ಗಿ ಆಯಿತು, ಏಳರ ಹತ್ತಿರ ಎಲ್ಲರೂ ಎಂದಿನಂತೆ ಎಡವಿದರು. ಬೋರ್ಡಿನ ಮೂಲೆಯಲ್ಲಿ ವಾರದ ಕೆಲಸ ಬರೆದೆ: ಇಂದು ಗೇಣು, ಮೊಳ. ನಾಳೆ ಅಡಿ, ಮೀಟರ್. ಬುಧವಾರ ಅಳತೆಯ ಹಗ್ಗ ಮಾಡುವುದು. ಶನಿವಾರ ಸಾಲೆಯ ಬಯಲು ಅಳೆಯುವುದು. ಮುಂದಿನ ವಾರ ನಕಾಶೆ.

ಹೆಡ್ ಮಾಸ್ತರ್ ನಿಜಗುಣಪ್ಪನವರು ಪಾಠ ಟಾಚಣ, ವಾರದ ಪಾಠಗಳ ಟಿಪ್ಪಣಿ, ನೋಡಿದರು. ನೋಡಿದರು ಎಂದರೆ ಸಹಿ ಹಾಕಿದರು. ಮಕ್ಕಳನ್ನು ಹೊರಗೆ ಬಿಡಬೇಡಿ, ಪುಸ್ತಕದಲ್ಲಿ ಇದ್ದಷ್ಟು ಸಾಕು ಎಂದರು. ಅಳತೆಯನ್ನು ಕೂತಲ್ಲೇ ಕಲಿಯಲು ಆಗುವುದಿಲ್ಲ ಎಂದೆ. ಅವರ ರಿಟೈರ್‌ಮೆಂಟಿಗೆ ಇನ್ನೆರಡು ವರ್ಷ. ಅವರ ಪ್ರತಿ ಮಾತಿನ ಕೊನೆಗೂ ಆ ಎರಡು ವರ್ಷ ನಿಂತಿರುತ್ತದೆ.

ಮೇಜನ್ನು ಗೇಣಿನಿಂದ ಅಳೆಸಿದೆ. ರಾಯವ್ವನಿಗೆ ಒಂಬತ್ತು, ಗುರುಬಸವ್ವನಿಗೆ ಎಂಟು. ಇಬ್ಬರೂ ತಮ್ಮದೇ ಖರೆ ಎಂದು ಪಟ್ಟು. ರಾಯವ್ವ ನಾನು ಬಾಡಿಗೆಗಿರುವ ಮನೆಯ ಕಾಡವ್ವನ ಮಗಳು, ನಮ್ಮ ಕೇರಿಯವಳು. ಗುರುಬಸವ್ವ ಪಂಚಾಯತಿ ಚೇರ್ಮನ್ ಅಂದಾನೆಪ್ಪನವರ ಮೊಮ್ಮಗಳು. ಜೂನಿನಲ್ಲಿ ನಾನು ಈ ಊರಿಗೆ ಬಂದಾಗ ಕೇರಿಯ ಮಕ್ಕಳು ಬಾಗಿಲ ಬಳಿ ಬೇರೆಯಾಗಿ ಕೂರುತ್ತಿದ್ದರು. ಎತ್ತರದ ಪ್ರಕಾರ ಕೂರಿಸಿದೆ. ಇವರಿಬ್ಬರೂ ಒಂದೇ ಎತ್ತರ. ಹಾಗಾಗಿ ಪಕ್ಕಪಕ್ಕ. ಒಂದು ವಾರ ಊರಲ್ಲಿ ಗುಸುಗುಸು ನಡೆಯಿತು. ಆಮೇಲೆ ನಿಂತಿತು, ಅಥವಾ ನನ್ನ ಕಿವಿಗೆ ಬೀಳುವುದು ನಿಂತಿತು.

೧೧-೧-೭೫, ಶನಿವಾರ, ಮಧ್ಯಾಹ್ನ

ಮುಂಜಾನೆ ಸಾಲೆ. ಬಯಲು ಅಳೆದೆವು.

ಹಗ್ಗ ಮಕ್ಕಳೇ ಮಾಡಿದ್ದು. ಅಡಿಗೊಂದು ಗಂಟು, ಒಟ್ಟು ಇಪ್ಪತ್ತು. ಪುಸ್ತಕದಲ್ಲಿ ಮೀಟರ್ ಇದೆ, ಊರಲ್ಲಿ ಇನ್ನೂ ಅಡಿ. ಎರಡೂ ಕಲಿಯಲಿ. ಗುರುಬಸವ್ವ ಮುಂದಿನ ತುದಿ, ರಾಯವ್ವ ಹಿಂದಿನ ತುದಿ. ಉಳಿದವರು ಎಣಿಸಲು. ಏಳು ಹಗ್ಗಕ್ಕೆ ಪಡುವಣ ದಿಕ್ಕಿನ ಮುಳ್ಳುಬೇಲಿ ಬಂತು. ನೂರ ನಲವತ್ತು ಅಡಿ. ಬೇಲಿಯಾಚೆ ಚೇರ್ಮನ್ನರ ಜೋಳದ ಕಣಿಕಿಯ ಬಣವೆಗಳು, ನಾಲ್ಕು. ಅವುಗಳ ಹಿಂದೆ ಒಂದು ದೊಡ್ಡ ಬೇವಿನ ಗಿಡ.

ಮೂರು ಸಲ ಅಳೆಸಿದೆ. ಮೂರು ಸಲವೂ ಏಳು ಹಗ್ಗ.

೧೩-೧-೭೫, ಸೋಮವಾರ

ನಕಾಶೆಯ ಮೇಲೆ ಸಾಲೆ ಯಾವ ವರ್ಷದ್ದು ಎಂದು ಬರೆಯಬೇಕೆಂದು ಮಕ್ಕಳಿಗೆ ಆಸೆ. ಹೆಡ್ ಮಾಸ್ತರರನ್ನು ಕೇಳಿದೆ. ತಗಡಿನ ಟ್ರಂಕಿನಿಂದ ಹಳೇ ದಾನಪತ್ರ ತೆಗೆದು ಕೊಟ್ಟರು. ವರ್ಷ ೧೯೩೬. ಜಾಗ ಕೊಟ್ಟವರು ಗಂಗಪ್ಪ ಎಂಬವರು, ಈಗಿನ ಚೇರ್ಮನ್ನರ ತಂದೆ. ಹಾಗೇ ಕೆಳಗೆ ಕಣ್ಣು ಹೋಯಿತು. 'ಉದ್ದ ಇನ್ನೂರು ಅಡಿ, ಪಡುವಲಕ್ಕೆ ಬೇವಿನ ಗಿಡದ ತನಕ.'

ಎರಡು ಸಲ ಓದಿದೆ. ಮೂರನೇ ಸಲ ಓದುವಷ್ಟರಲ್ಲಿ ನಿಜಗುಣಪ್ಪನವರು ಕಾಗದ ಕಿತ್ತುಕೊಂಡರು.

"ಇದನ್ನ ನಾ ತೋರಸಿಲ್ಲ, ನೀವು ನೋಡಿಲ್ಲ, ಅಕ್ಕೋರ."

ನೋಡಿದ್ದೇನೆ. ನೋಡಿದ್ದನ್ನು ನೋಡಿಲ್ಲ ಎಂದು ಟ್ರೇನಿಂಗಿನಲ್ಲಿ ಯಾರೂ ಕಲಿಸಲಿಲ್ಲ.

೧೫-೧-೭೫, ಬುಧವಾರ

ನಿನ್ನೆ ಸಂಕ್ರಾಂತಿ ಸೂಟಿ. ಇಡೀ ದಿನ ಯೋಚಿಸಿದೆ. ಅಪ್ಪ ನವಿಲುತೀರ್ಥದ ಡ್ಯಾಮಿನಲ್ಲಿ ಗೌಂಡಿ ಕೆಲಸ ಮಾಡಿ ನನ್ನನ್ನು ಓದಿಸಿದ್ದು. ಬೈಲಹೊಂಗಲದ ನಮ್ಮ ಓಣಿಯಲ್ಲಿ ಖುರ್ಚಿಯ ಮೇಲೆ ಕೂರುವ ನೌಕರಿ ನನ್ನದೇ ಮೊದಲು. ಇದನ್ನು ಕಳೆದುಕೊಂಡರೆ... ಬರೆಯುವುದಿಲ್ಲ.

ಇವತ್ತು ಬೋರ್ಡಿನ ಮೇಲೆ ಲೆಕ್ಕ ಕೊಟ್ಟೆ. ಕಾಗದದಲ್ಲಿ ಬಯಲಿನ ಉದ್ದ ೨೦೦ ಅಡಿ. ಅಳತೆಯಲ್ಲಿ ೧೪೦ ಅಡಿ. ಎಷ್ಟು ಕಡಿಮೆ?

ಪಾಟಿಗಳು ಮೇಲೆದ್ದವು. ಅರವತ್ತು, ಅರವತ್ತು, ಅರವತ್ತು. ಗುರುಬಸವ್ವನ ಪಾಟಿಯೂ. ಆಮೇಲೆ ಅವಳು ಕಿಟಕಿಯಿಂದ ಬೇಲಿಯ ಕಡೆ ನೋಡಿದಳು. ಪಾಟಿ ನಿಧಾನವಾಗಿ ತೊಡೆಯ ಮೇಲೆ ಇಳಿಯಿತು.

ನಾನು ಹೆಸರು ಹೇಳಿರಲಿಲ್ಲ. ಆ ಹುಡುಗಿಗೆ ಹೆಸರು ಬೇಕಿರಲೂ ಇಲ್ಲ. ಒಂಬತ್ತು ವರ್ಷದ ಕೂಸಿನ ಎದೆಯ ಮೇಲೆ ಆ ಲೆಕ್ಕ ಇಟ್ಟದ್ದು ಸರಿಯೇ? ಗೊತ್ತಿಲ್ಲ. ಲೆಕ್ಕವಂತೂ ಸರಿ.

ಮನೆಗೆಲಸ ಕೊಟ್ಟೆ — ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹಿರಿಯರನ್ನು ಕೇಳಿ, ಮೊದಲು ಊರು ಹೇಗಿತ್ತು, ಏನು ಎಲ್ಲಿತ್ತು, ಬರೆದುಕೊಂಡು ಬನ್ನಿ.

೧೭-೧-೭೫, ಶುಕ್ರವಾರ, ಸಂಜೆ

ಚೇರ್ಮನ್ನರ ಕಡೆಯಿಂದ ಕರೆ ಬಂತು. ಹೋದೆ. ಹೆಡ್ ಮಾಸ್ತರರು ಮೊದಲೇ ಅಲ್ಲಿದ್ದರು, ಜಮಖಾನದ ತುದಿಯಲ್ಲಿ. ನನಗೆ ಕೂರಲು ಹೇಳಲಿಲ್ಲ. ಕಟ್ಟೆಯ ಕೆಳಗೆ ನಿಂತೆ.

ಅಂದಾನೆಪ್ಪ ಸಿಟ್ಟು ಮಾಡಲಿಲ್ಲ. ಅದೇ ಹೆಚ್ಚು ಹೆದರಿಸುವಂಥದು. ಮಕ್ಕಳು ಜಾಣರಿದ್ದಾರೆ ಎಂದು ಮೊದಲು ಹೊಗಳಿದ. ಹಗ್ಗ ಜಗ್ಗಿದರೆ ಉದ್ದವಾಗುತ್ತದೆ, ಬಿಟ್ಟರೆ ಗಿಡ್ಡವಾಗುತ್ತದೆ, ಅದೇನು ಸರಕಾರಿ ಅಳತೆಯಲ್ಲ ಎಂದ. ಆಮೇಲೆ ಹೇಳಿದ:

"ಆ ನಕಾಶಿ ಹರದ ಒಗಿ. ನೀ ಇಲ್ಲಿಗೆ ಬಂದು ಆರ ತಿಂಗಳಾತು. ಸಾಲಿ ಕಲಸು, ಪಗಾರ ತಗೋ, ಹೋಗು. ಊರು ಅಳಿಯೋದು ನಿನ್ನ ಕೆಲಸಲ್ಲ."

"ಅಳತಿ ತಪ್ಪಾಗಿದ್ರ ಮತ್ತೊಮ್ಮೆ ಅಳಸತೇನ್ರಿ. ನೀವೂ ಬಂದು ನಿಂದರ್ರಿ. ಹರಿಯೂದಿಲ್ಲ."

ಅಷ್ಟೇ ಹೇಳಿ ನಿಂತೆ. ಬಾಗಿಲ ಹಿಂದೆ ಗುರುಬಸವ್ವನ ಹಸಿರು ಪರಕಾರ ಕಂಡಿತು.

ಒಂದು ಮಾತು ಇಲ್ಲೇ ಬರೆದಿಡುತ್ತೇನೆ. ಹೆಡ್ ಮಾಸ್ತರರಿಗೆ ಬರ್ರಿ, ಕುಂದರ್ರಿ. ನನಗೆ ನೀ, ಹೋಗು. ಸರಿ. ಇನ್ನು ಮುಂದೆ ಈ ಪುಸ್ತಕದಲ್ಲಿ ಅಂದಾನೆಪ್ಪನಿಗೂ ಏಕವಚನವೇ.

೨೦-೧-೭೫, ಸೋಮವಾರ

ಹಾಜರಿ ಹನ್ನೊಂದು. ಮೇಲಿನ ಓಣಿಗಳ ಮಕ್ಕಳು ಒಬ್ಬರೂ ಇಲ್ಲ. ಗುರುಬಸವ್ವ ಶನಿವಾರವೇ ಬಂದಿರಲಿಲ್ಲ. ಅಂದಾನೆಪ್ಪ ಮನೆಮನೆಗೆ ಹೇಳಿ ಕಳಿಸಿದ್ದಾನಂತೆ, ನಾಲ್ಕನೇ ಇಯತ್ತೆಗೆ ಕಳಿಸಬೇಡಿ ಎಂದು.

ಹನ್ನೊಂದು ಮಂದಿಯದೇ ಉಗುರು ನೋಡಿದೆ. ಹನ್ನೊಂದು ಮಂದಿಯೇ ಹದಿಮೂರರ ಮಗ್ಗಿ ಹೇಳಿದರು. ಬೋರ್ಡಿನ ಮೇಲೆ ವಾರದ ಕೆಲಸ ಬರೆದೆ, ಒಂದೂ ಬಿಡದೆ. ನಕಾಶೆಯನ್ನು ಗೋಡೆಗೆ ಹೊಡೆದೆ, ನಾಲ್ಕು ಮೊಳೆ. ಕಂದು ಕಾಗದದ ಮೇಲೆ ಸಾಲೆ, ಬಾವಿ, ಗುಡಿ, ನಮ್ಮ ಕೇರಿ — ಕೇರಿಯನ್ನು ರಾಯವ್ವ ಬರೆದದ್ದು, ಸ್ವಲ್ಪ ದೊಡ್ಡದಾಗಿದೆ, ಇರಲಿ. ಬೇಲಿಯ ಆಚೆ ಜಾಗ ಖಾಲಿ ಬಿಟ್ಟಿದ್ದಾರೆ. ಏನು ಬರೆಯಬೇಕೆಂದು ಅವರಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಸಂಜೆ ಕಾಡವ್ವ ರೊಟ್ಟಿ ಬಡಿಯುತ್ತ ಹೇಳಿದಳು, ಇವತ್ತು ಚೇರ್ಮನ್ನರ ಹೊಲಕ್ಕೆ ಕೇರಿಯ ಯಾರನ್ನೂ ಕರೆಯಲಿಲ್ಲ ಎಂದು. ರೊಟ್ಟಿ ತಿರುವಿ ಹಾಕಿದಳು.

"ನೀವು ನಾಕ ದಿನಾ ಇರಾವ್ರು, ಅಕ್ಕೋರ. ನಾವು ಇಲ್ಲೇ ಇರಾವ್ರು."

ಮನೆ ಬಿಡಬೇಕೇ ಎಂದು ಕೇಳಿದೆ. ಹಾಗೆ ಎಲ್ಲಿ ಹೇಳಿದೆ ಎಂದು ಬೈದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ರಾಯವ್ವನನ್ನು ಸಾಲೆಗೆ ಕಳಿಸುವುದನ್ನು ನಿಲ್ಲಿಸುವುದಿಲ್ಲವಂತೆ.

೨೩-೧-೭೫, ಗುರುವಾರ

ಮುಂಜಾನೆ ಗೋಡೆಯ ಮೇಲೆ ಮೊಳೆ ನಾಲ್ಕೇ. ನಕಾಶೆ ಇಲ್ಲ.

ಹೆಡ್ ಮಾಸ್ತರರು ತಲೆ ಎತ್ತದೆ ಹಾಜರಿ ಪುಸ್ತಕಕ್ಕೆ ಗೆರೆ ಹೊಡೆಯುತ್ತಿದ್ದರು. ಎಲ್ಲಿ ಎಂದು ಕೇಳಿದೆ. ಎರಡು ವರ್ಷ ಉಳಿದಿದೆ ಅಕ್ಕೋರ ಎಂದರು. ಮಕ್ಕಳ ಸಂಖ್ಯೆ ಹೀಗೇ ಇಳಿದರೆ ಸಾಲೆಗೆ ಒಬ್ಬ ಶಿಕ್ಷಕರು ಕಡಿಮೆಯಾಗುತ್ತಾರೆ, ಅದು ನೀವೇ ಆಗುತ್ತೀರಿ ಎಂದೂ ಹೇಳಿದರು. ಹೆದರಿಸಲು ಹೇಳಿದ್ದಲ್ಲ. ಅವರೇ ಹೆದರಿದ್ದಾರೆ.

ಮಕ್ಕಳು ಖಾಲಿ ಗೋಡೆ ನೋಡಿದರು. ನಾನು ಭಾಷಣ ಮಾಡಲಿಲ್ಲ. ಇವತ್ತಿನ ಕೆಲಸ ನಕಾಶೆ ಎಂದೆ, ಅಷ್ಟೇ. ಹನ್ನೊಂದು ಮಂದಿ ಹೊಸ ಕಾಗದ ಅಂಟಿಸಿ ಮೊದಲಿನಿಂದ ಬರೆದರು. ಎರಡನೇ ಸಲದ್ದು ಮೊದಲಿನದಕ್ಕಿಂತ ಚೆಂದ. ಗೆರೆ ನೆಟ್ಟಗೆ.

ಈ ಸಲ ಸಾಲೆ ಬಿಟ್ಟಾಗ ಸುರುಳಿ ಸುತ್ತಿ ನನ್ನ ಜೊತೆ ತಂದೆ. ದಿನಾ ತರುತ್ತೇನೆ. ದಿನಾ ಒಯ್ದು ಹೊಡೆಯುತ್ತೇನೆ.

೨೬-೧-೭೫, ರವಿವಾರ

ಅಂದಾನೆಪ್ಪ ಧ್ವಜ ಹಾರಿಸಿದ. ಎಲ್ಲ ಮಕ್ಕಳೂ ಬಂದಿದ್ದರು, ಪೆಪ್ಪರಮಿಂಟು ಕೊಡುತ್ತಾರಲ್ಲ. ನಾಲ್ಕನೇ ಇಯತ್ತೆಯ ಸಾಲು ತುಂಬಿತ್ತು. ಯಾರು ಎಲ್ಲಿ ನಿಲ್ಲಬೇಕೆಂದು ನಾನು ಹೇಳಲಿಲ್ಲ. ಎತ್ತರದ ಪ್ರಕಾರ ತಾವೇ ನಿಂತರು. ಗುರುಬಸವ್ವ, ರಾಯವ್ವ ಪಕ್ಕಪಕ್ಕ. ಅಂದಾನೆಪ್ಪ ಅದನ್ನು ನೋಡಿದ. ನಾನು ಅವನು ನೋಡಿದ್ದನ್ನು ನೋಡಿದೆ.

೨೯-೧-೭೫, ಬುಧವಾರ

ಗುರುಬಸವ್ವ ಬಂದಳು!

ಎರಡನೇ ಗಂಟೆಯ ಹೊತ್ತಿಗೆ, ಬೇಲಿಯ ಸಂದಿಯಿಂದ ತೂರಿ. ಮೊಳಕೈ ತರಚಿದೆ. ಮನೆಯಲ್ಲಿ ಹೇಳದೆ ಬಂದಿದ್ದಾಳೆ. ಪಾಟಿ ಎದೆಗೆ ಒತ್ತಿ ಹಿಡಿದಿದ್ದಳು.

"ನೀವು ಕೊಟ್ಟ ಕೆಲಸ ಬರಕೊಂಡ ಬಂದೇನ್ರಿ. ತಡಾ ಆತು."

ಅವಳ ಮುತ್ಯಾನ ತಾಯಿ ಯಲ್ಲವ್ವ ಇನ್ನೂ ಬದುಕಿದ್ದಾಳೆ. ಎಂಬತ್ತು ದಾಟಿದೆ, ಕಣ್ಣು ಮಂದ. ದಾನಪತ್ರ ಬರೆದ ಗಂಗಪ್ಪನವರ ಹೆಂಡತಿ. ಅವಳನ್ನು ಕೇಳಿ ಬರೆದುಕೊಂಡು ಬಂದಿದ್ದಾಳೆ. ಅಕ್ಷರ ಗುಂಡಗೆ, ಒಂದೂ ತಪ್ಪಿಲ್ಲ: 'ಸಾಲಿಯ ಜಾಗ ಬೇವಿನ ಗಿಡದ ತನಕ ಇತ್ತು. ಮುತ್ಯಾನ ಅಪ್ಪ ಕೊಟ್ಟಿದ್ದ. ಹೇಳಿದವರು ಯಲ್ಲವ್ವ.'

ಎಲ್ಲರೆದುರು ಓದು ಎಂದು ನಾನು ಹೇಳಲಿಲ್ಲ. ಒಮ್ಮೆ ತಪ್ಪು ಮಾಡಿದ್ದು ಸಾಕು. ಅವಳೇ ಎದ್ದು ಓದಿದಳು.

ಮೊಳಕೈಗೆ ಅರಿಸಿನ ಹಚ್ಚಿದೆ. ಮನೆಯಲ್ಲಿ ಹೊಡೆದರೆ ಎಂದು ಕೇಳಿದೆ. ಹೊಡೆದರೆ ಹೊಡೆಯಲಿ ಎಂದಳು.

೩-೨-೭೫, ಸೋಮವಾರ

ಆರ್ಡರ್ ಬಂತು. ರಾಮದುರ್ಗ ತಾಲೂಕಿನ ಒಂದು ಹಳ್ಳಿಗೆ ವರ್ಗ. ಹತ್ತನೇ ತಾರೀಖು ಇಲ್ಲಿಂದ ಬಿಡುಗಡೆ. ಕಾರಣ: ಆಡಳಿತದ ಅನುಕೂಲ.

ಯಾರ ಅನುಕೂಲ ಎಂದು ಬರೆದಿಲ್ಲ.

ಹಾಜರಿ ಇಪ್ಪತ್ತಾರು. ಗುರುಬಸವ್ವ ಬಂದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಚೇರ್ಮನ್ನರ ಮೊಮ್ಮಗಳೇ ಹೋಗುವಾಗ ನಮ್ಮವರನ್ನು ಯಾಕೆ ಹಿಡಿದಿಡಬೇಕು ಎಂದು ತಾಯಂದಿರು ಕೇಳುತ್ತಿದ್ದಾರಂತೆ. ಇವತ್ತು ಬೋರ್ಡಿನ ಮೇಲೆ ಬರೆದೆ: ಶನಿವಾರ, ಬಯಲು ಮತ್ತೊಮ್ಮೆ ಅಳೆಯುವುದು. ದೊಡ್ಡ ಅಕ್ಷರದಲ್ಲಿ. ಅಂದಾನೆಪ್ಪನಿಗೂ ಸುದ್ದಿ ಹೋಗಲಿ.

೮-೨-೭೫, ಶನಿವಾರ

ಕ್ರಮವಾಗಿ ಬರೆಯುತ್ತೇನೆ.

ಎಂಟು ಗಂಟೆಗೆ ಶುರು, ಇವತ್ತು ಮುಂದಿನ ತುದಿ ರಾಯವ್ವನ ಕೈಯಲ್ಲಿ. ಒಂದು ಹಗ್ಗ, ಎರಡು, ಮೂರು. ಮೂವತ್ತನಾಲ್ಕು ಮಕ್ಕಳು ಒಟ್ಟಿಗೆ ಎಣಿಸಿದರು. ಏಳಕ್ಕೆ ಬೇಲಿ. ನಿಂತೆವು. ಬೇಲಿಯಾಚೆ ಅಂದಾನೆಪ್ಪನ ಇಬ್ಬರು ಆಳುಗಳು ಕೈ ಕಟ್ಟಿ ನಿಂತಿದ್ದರು.

ಮುಳ್ಳು ಸರಿಸುವುದು ನನ್ನ ಕೆಲಸ ಎಂದು ಮುಂದೆ ಹೋದೆ. ಗುರುಬಸವ್ವ ನನಗಿಂತ ಮೊದಲೇ ಒಂದು ಕೊಂಬೆ ಎಳೆದಳು. ರಾಯವ್ವ ಇನ್ನೊಂದು. ಆಳುಗಳು ತಡೆಯಲಿಲ್ಲ. ಮಾಲಕರ ಮೊಮ್ಮಗಳ ಮೈ ಹೇಗೆ ಮುಟ್ಟುತ್ತಾರೆ? ಎಂಟನೇ ಹಗ್ಗ. ಬಣವೆಗಳ ನಡುವಿನ ದಾರಿಯಲ್ಲಿ ಒಂಬತ್ತು.

ಅಷ್ಟರಲ್ಲಿ ಅಂದಾನೆಪ್ಪ ಬಂದ. ದೊಡ್ಡ ಹೆಜ್ಜೆ, ಕೈಯಲ್ಲಿ ಬಾರುಕೋಲು. ಮಕ್ಕಳ ಎಣಿಕೆ ನಿಂತಿತು. ನಾನು ಅವನ ಮತ್ತು ಮಕ್ಕಳ ನಡುವೆ ಹೋಗಿ ನಿಂತೆ. ಕಾಲು ತಾವಾಗಿಯೇ ಹೋದವು, ನಾನು ಕಳಿಸಿದ್ದಲ್ಲ. ಅವನು ನನ್ನ ಕಡೆ ನೋಡಲಿಲ್ಲ. ನನ್ನ ಹಿಂದೆ ನೋಡಿದ.

ಬೇವಿನ ಬುಡದಲ್ಲಿ ಅವನ ತಾಯಿ ಯಲ್ಲವ್ವ ಕಾಲು ಚಾಚಿ ಕೂತಿದ್ದಳು. ಗುರುಬಸವ್ವ ಮುಂಜಾನೆಯೇ ಕೈ ಹಿಡಿದು ತಂದು ಕೂರಿಸಿದ್ದಳಂತೆ.

"ಅವ್ವಾ, ನೀ ಇಲ್ಯಾಕ ಬಂದಿ?"

"ಬೇವಿನ ಗಿಡಾ ಎಲ್ಲೈತಿ ಅಂತ ಹುಡುಗೂರು ಕೇಳಿದ್ವು," ಎಂದಳು ಮುದುಕಿ. "ತೋರಸಾಕ ಬಂದೆ."

ಅಂದಾನೆಪ್ಪ ಬಹಳ ಹೊತ್ತು ನಿಂತ. ತಾಯಿಯ ಎದುರು, ಮೂವತ್ತನಾಲ್ಕು ಮಕ್ಕಳ ಎದುರು ಬಾರುಕೋಲು ಕೆಳಗಿಳಿಸಿದ. ತಿರುಗಿ ಹೋದ.

ಹತ್ತನೇ ಹಗ್ಗದ ತುದಿಯನ್ನು ರಾಯವ್ವ ಮುದುಕಿಯ ಕೈಗೆ ಕೊಟ್ಟಳು. ಯಲ್ಲವ್ವ ಒಂದು ಗಳಿಗೆ ಆ ಹುಡುಗಿಯ ಮುಖ ತಡವಿ ಯಾರ ಮಗಳು ಎಂದು ಕೇಳಿದಳು. ಕಾಡವ್ವನ ಮಗಳು ಎಂದಳು ರಾಯವ್ವ, ಗಟ್ಟಿಯಾಗಿ. ಮುದುಕಿ ಹಗ್ಗ ತೆಗೆದುಕೊಂಡು ಗಿಡಕ್ಕೆ ತಾಗಿಸಿದಳು.

ಇನ್ನೂರು.

ನಕಾಶೆಯಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಮಕ್ಕಳು ಬರೆದರು: 'ಸಾಲಿಯ ಬಯಲು'. ನಿಜಗುಣಪ್ಪನವರು ಕೋಣೆಗೆ ಬಂದು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಪೆನ್ನು ಕೇಳಿದರು. ಕೆಳಗೆ ಸಹಿ ಹಾಕಿ, ಸಾಲೆಯ ಶಿಕ್ಕಾ ಒತ್ತಿ, ಪೆನ್ನು ಮರಳಿ ಕೊಟ್ಟು ಹೋದರು.

೧೦-೨-೭೫, ಸೋಮವಾರ, ಬಸ್ಸಿಗೆ ಕಾಯುತ್ತ

ಬಿಡುಗಡೆಯ ಕಾಗದ ಚೀಲದಲ್ಲಿದೆ. ಕಾಡವ್ವ ಬುತ್ತಿ ಕಟ್ಟಿ ಕೊಟ್ಟಿದ್ದಾಳೆ, ಮೂರು ದಿನಕ್ಕೆ ಸಾಕಾಗುವಷ್ಟು. ಇವತ್ತು ಕೇರಿಯವರನ್ನು ಕೆಲಸಕ್ಕೆ ಕರೆದಿದ್ದಾರಂತೆ, ಬೇರೆಯವರ ಹೊಲಕ್ಕೆ. ಅಂದಾನೆಪ್ಪ ಇನ್ನೂ ಕರೆದಿಲ್ಲ.

ನಾಲ್ಕನೇ ಇಯತ್ತೆ ಪೂರ್ತಿ ಇಲ್ಲಿದೆ. ಬೈದೆ, ಹೋಗಿ ಮಗ್ಗಿ ಹೇಳಿ ಎಂದೆ. ಹೋಗುತ್ತಿಲ್ಲ. ವರ್ಗ ಮಾಡಿಸಿದರೆ ನಾನು ಸುಮ್ಮನಾಗುತ್ತೇನೆ ಎಂದು ಅಂದಾನೆಪ್ಪ ಅಂದುಕೊಂಡಿದ್ದಾನೆ. ರಾಮದುರ್ಗದಲ್ಲೂ ಸಾಲೆಗೆ ಬಯಲು ಇರುತ್ತದೆ.

ಬಣವೆಗಳನ್ನು ಏನು ಮಾಡಿದರು ಎಂದು ಗುರುಬಸವ್ವನನ್ನು ಕೇಳಿದೆ.

"ನಿನ್ನೆ ಒಂದು ಕಿತ್ತಾರ್ರಿ. ಇನ್ನ ಮೂರು ಅದಾವ."

ಹಾಗಾದರೆ ಆ ಮೂರೂ ಹೋಗುವ ತನಕ ಪ್ರತಿ ಶನಿವಾರ ಅಳೆಯಿರಿ, ಯಾರು ಬೇಡ ಎಂದರೂ ಅಳೆಯಿರಿ ಎಂದೆ. ಅದಕ್ಕೆ ಅವಳು, ಮೂರು ಹೋದ ಮೇಲೆ ಏನು ಅಳೆಯಬೇಕು ಎಂದು ಕೇಳಿದಳು. ಉತ್ತರ ಹೇಳುವ ಮೊದಲೇ ರಾಯವ್ವ ಕೆರೆಯ ಕಡೆ ಕೈ ತೋರಿಸಿ, ಅದರ ಅರ್ಧ ಏರಿಯ ಮೇಲೆ ಯಾರದೋ ಬೇಲಿ —

ಬಸ್ಸು ಬಂತು. ಹುಡುಗಿ ಇನ್ನೂ ಹೇಳುತ್ತಲೇ ಇದ್ದಾಳೆ, ಕಂಡಕ್ಟರ್ ಕರೆಯುತ್ತಿದ್ದಾನೆ, ನಾನು ಇನ್ನೂ ಬರೆದುಕೊಳ್ಳುತ್ತಿದ್ದೇನೆ —