ಆರು ತಂತಿಗಳ ಜಾಗ

ಪ್ರೀತಿಯ ಅಕ್ಕಾ,

ಫೋನಿನಲ್ಲಿ ಹೇಳಿದರೆ ನಕ್ಕು ಮಾತು ಹಾರಿಸುತ್ತೀ. ಅದಕ್ಕೇ ಬರೆದು ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ.

"ಇಸಿಜಿ ಸರಿಯಾಗೇ ಇದೆ ಕಣೇ. ರವಿಕೆ ಗುಂಡಿ ಬಿಚ್ಚಲ್ಲ ಅಂದೆ, ಆ ಪುಣ್ಯಾತ್ಗಿತ್ತಿ ನರ್ಸು ತಂತಿಗಳನ್ನೆಲ್ಲ ಕುತ್ತಿಗೆ ಹತ್ತಿರಾನೇ ಅಂಟಿಸಿ ಮುಗಿಸಿಬಿಟ್ಟಳು" ಎಂದೆಯಲ್ಲ, ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ಆ ಯಂತ್ರ ಮೈಗೆ ಕರೆಂಟ್ ಬಿಡುವುದಿಲ್ಲ; ಹೃದಯದಲ್ಲೇ ಹುಟ್ಟುವ ಸಣ್ಣ ವಿದ್ಯುತ್ತನ್ನು ಗಮನಿಸುತ್ತದೆ, ಅಷ್ಟೆ. ಎದೆಯ ಆರು ತಂತಿಗಳು ಹೃದಯವನ್ನು ಆರು ಕಡೆಯಿಂದ ನೋಡಬೇಕು, ಕೊನೆಯದು ಎಡ ಕಂಕುಳ ಕೆಳಗಿನಿಂದ. ನಿನ್ನ ನಾಚಿಕೆಗೆ ಅವರು ಮರ್ಯಾದೆ ಕೊಟ್ಟರು. ಹೃದಯವನ್ನು ಸರಿಯಾಗಿ ಯಾರೂ ನೋಡಲಿಲ್ಲ.

ಮೆಟ್ಟಿಲು ಹತ್ತುವಾಗ ದವಡೆ ಹಿಡಿದುಕೊಂಡು ಕೂತುಬಿಡುತ್ತೀಯಂತೆ. ಹೃದಯದ ನೋವು ದವಡೆಯಲ್ಲೂ ಕಾಣಿಸಿಕೊಳ್ಳುತ್ತದೆ ಅಕ್ಕಾ. ಹೇಳಿದ್ದಕ್ಕೆ ಭಾವನನ್ನು ಬೈಯಬೇಡ.

ನಾಳೆ ಬೆಳಿಗ್ಗೆ ಮತ್ತೆ ಇಸಿಜಿ ತೆಗೆಸುತ್ತೇವೆ. ಡಾಕ್ಟರಿಗೆ ಎಲ್ಲವನ್ನೂ ಹೇಳಿದ್ದೇನೆ. ಎದೆಗೆ ಪೌಡರ್ ಹಚ್ಚಿಕೊಳ್ಳಬೇಡ, ತಂತಿ ಅಂಟುವುದಿಲ್ಲ. ರಾತ್ರಿ ಸುಮ್ಮನೆ ಕೂತಾಗಲೂ ನೋವು ಬಂದರೆ ನನಗಾಗಿ ಕಾಯದೆ ಆಸ್ಪತ್ರೆಗೆ ಹೊರಡಿ.

ಪರದೆಯ ಈಚೆ ನಾನೇ ನಿಂತಿರುತ್ತೇನೆ ಅಕ್ಕಾ. ಒಂದು ನೊಣವನ್ನೂ ಒಳಗೆ ಬಿಡುವುದಿಲ್ಲ.

ಬೆಳಗಾಗುತ್ತಲೇ ಬಾಗಿಲು ತಟ್ಟಲಿರುವ,
ನಿನ್ನ ತಂಗಿ