ನೀನು ಕಮಾನು ಎತ್ತುತ್ತಿದ್ದ ಜಾಗ

ಅಪ್ಪಾ,

ನನ್ನ ಮದುವೆಯ ದಿನ ನಿನ್ನ ಬೆರಳಿಗೆ ಗಾಯವಾಗಿತ್ತು. ಪಿಟೀಲನ್ನು ನೀನು ಚಿಕ್ಕಪ್ಪನ ಕೈಗೆ ಕೊಟ್ಟೆ. ನಮ್ಮ ಮನೆಯಲ್ಲಿ ತಾಳಿ ಕಟ್ಟುವಾಗ ತಾತ ಕಟ್ಟಿದ ಮಟ್ಟನ್ನೇ ನುಡಿಸಬೇಕು. ನಡುವೆ ಒಂದು ಕಡೆ ಕಮಾನು ಮೇಲೆತ್ತಿ ಸುಮ್ಮನಾಗಬೇಕು. ಆ ಮೌನದಲ್ಲೇ ಎಲ್ಲರೂ ಅಕ್ಷತೆ ಹಾಕಬೇಕು. ಚಿಕ್ಕಪ್ಪ ನಿಲ್ಲಿಸಲಿಲ್ಲ. ಅಲ್ಲಿ ನಾಲ್ಕು ಸ್ವರ ತುಂಬಿಸಿ ಮುಂದೆ ಹೋಗಿಬಿಟ್ಟ. ಅಕ್ಕಿ ಎಲ್ಲರ ಕೈಯಲ್ಲೇ ಉಳಿಯಿತು.

ಊಟಕ್ಕೆ ಕೂತಾಗ ನೀನು ಕೇಳಿದ್ದು ನೆನಪಿದೆ.

"ಅಪ್ಪ ಕಟ್ಟಿದ್ದಕ್ಕೆ ತೇಪೆ ಆಕ್ತೀಯೇನ್ಲಾ?"

ಚಿಕ್ಕಪ್ಪ ಎಲೆಯಿಂದ ತಲೆ ಎತ್ತಲಿಲ್ಲ. "ತೂತಿದ್ರೆ ಆಕ್ಬೇಕಲ್ಲಣ್ಣ."

ಅವನು ಎಡಪ್ಪಾಡಿಗೆ ಹೊರಟುಹೋದ. ನೀವಿಬ್ಬರೂ ಮತ್ತೆ ಮಾತಾಡಲಿಲ್ಲ. ನಿನ್ನ ತಿಥಿಗೂ ಅವನು...

ಹೋದ ತಿಂಗಳು ನಿನ್ನ ಮೊಮ್ಮಗ ತನ್ನ ಫೋನನ್ನು ನನ್ನ ಮುಂದೆ ಹಿಡಿದು, ಅವನ ತಮಿಳು ಬೆರೆತ ಮಾತಿನಲ್ಲಿ, "ಇದು ನಮ್ ಪಾಟ್ಟು ತಾನೇಪ್ಪಾ?" ಎಂದ. ಸ್ಕಾಟ್ಲೆಂಡಿನ ಯಾವುದೋ ಹಳ್ಳಿ. ಜೋಡಿ ಜೋಡಿಯಾಗಿ ಕುಣಿಯುವ ಜನ, ಒಬ್ಬ ಮುದುಕನ ಪಿಟೀಲು. ತಾತನ ಮಟ್ಟೇ, ಎರಡು ಪಟ್ಟು ವೇಗದಲ್ಲಿ. ಯಾರೋ ಮದುವೆಗೆಂದು ಕಟ್ಟಿದ್ದು ಎಂದು ಒಂದು ಊರಿನವರು ಹೇಳುತ್ತಾರಂತೆ. ಇನ್ನೊಂದು ಊರಿನವರು ಅದು ತಮ್ಮದು ಎನ್ನುತ್ತಾರಂತೆ. ಕಟ್ಟಿದವರು ಯಾರೆಂದು ಅಲ್ಲಿಯೂ ಗೊತ್ತಿಲ್ಲ. ನೀನು ನಿಲ್ಲಿಸುತ್ತಿದ್ದ ಜಾಗದಲ್ಲಿ ನಾಲ್ಕು ಸ್ವರಗಳಿದ್ದವು. ಚಿಕ್ಕಪ್ಪ ತುಂಬಿಸಿದವೇ.

ತಾತ ಏರ್ಕಾಡಿನಲ್ಲಿ ಬಿಳಿ ದೊರೆಯ ಅಡುಗೆಮನೆಯಲ್ಲಿದ್ದನಲ್ಲ, ಒಳಗೆ ನುಡಿಸುತ್ತಿದ್ದುದನ್ನು ಗೋಡೆಯಾಚೆ ನಿಂತು ಕೇಳಿ ಕಲಿತಿರಬೇಕು. ಸರಿಯಾಗಿ ಆ ಹೊತ್ತಿಗೆ ಹಾಲು ಉಕ್ಕುತ್ತಿತ್ತೋ, ಒಳಗಿನಿಂದ ಯಾರಾದರೂ ಕರೆಯುತ್ತಿದ್ದರೋ. ಇಷ್ಟು ವರ್ಷ ನೀನು ಕಾಪಾಡಿದ್ದು ತಾತ ಕೇಳದೆ ಹೋದ ನಾಲ್ಕು ಸ್ವರಗಳನ್ನೇ? ನಿನ್ನ ಪರವಾಗಿ ನನಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡು ಎಡಪ್ಪಾಡಿಗೆ ಹೋದೆ. ಜಗಲಿಯಲ್ಲಿ ಕೂತು ಚಿಕ್ಕಪ್ಪ ಅದನ್ನು ಎರಡು ಸಲ ಕೇಳಿದ. ಗೆದ್ದೆ ಎನ್ನುತ್ತಾನೆಂದು ಕಾದೆ. ನಿನ್ನ ಮೊಮ್ಮಗನ ಮದುವೆಗೆ ಅವನೇ ಬಂದು ನುಡಿಸಬೇಕು, ಹೇಗೆ ಬೇಕಾದರೂ ನುಡಿಸಲಿ ಎಂದೆ. ಅವನು ಫೋನನ್ನು ಮಗುಚಿ ಇಟ್ಟ.

"ಇದ ಅಣ್ಣನ್ಗೆ ಯೋಳ್ಬ್ಯಾಡ."

ನೀನು ಹೋಗಿ ಎರಡು ವರ್ಷವಾಗಿತ್ತು. ಆಯಿತು ಎಂದೆ. ಆ ಮಾತನ್ನು ಇವತ್ತು ಮುರಿದಿದ್ದೇನೆ.

ಮೊನ್ನೆ ಮದುವೆಯಲ್ಲಿ ತಾಳಿ ಕಟ್ಟುವಾಗ ನುಡಿಸಿದ್ದು ಚಿಕ್ಕಪ್ಪನೇ. ಆ ಜಾಗಕ್ಕೆ ಬಂದಾಗ ಕಮಾನು ಎತ್ತಿ ಹಿಡಿದ, ನೀನು ಹಿಡಿಯುತ್ತಿದ್ದುದಕ್ಕಿಂತ ಹೆಚ್ಚು ಹೊತ್ತು. ಎಲ್ಲರೂ ಅಕ್ಷತೆ ಹಾಕಿದರು. ನಾನು ಅವನ ಕೈಯನ್ನೇ ನೋಡುತ್ತಾ ಹಾಕಲು ಮರೆತೆ. ಅಕ್ಕಿ ಇನ್ನೂ ಅಂಗಿಯ ಜೇಬಿನಲ್ಲಿದೆ.